ಸೈಕಲ್ ಮೇಲಿನ ನಮಸ್ಕಾರ

ಕುವೈತಿನ ಮಂಗಫ್‌ನಲ್ಲಿದ್ದ ಶೈಲೇಶನಿಗೆ ಸೈಕಲ್ಲಿನ ಹುಚ್ಚು. ಹೊರಗೆ ಬೆಂಕಿಯಂಥ ಬಿಸಿಲು. ಹಾಗಾಗಿ ರಿಫೈನರಿಯ ಬಸ್ಸಿಳಿದು ಬಂದವನೇ, ಹಾಲ್‌ನಲ್ಲಿ ಸ್ಟ್ಯಾಂಡಿಗೆ ಬಿಗಿದಿಟ್ಟ ಮೌಂಟನ್ ಬೈಕ್ ಏರಿ, ಟಿವಿಯಲ್ಲಿ ಫ್ರಾನ್ಸಿನ ಹಳ್ಳಿದಾರಿಗಳ ವಿಡಿಯೋ ಹಾಕಿಕೊಂಡು ಪೆಡಲ್ ತುಳಿಯುತ್ತಿದ್ದ. ದ್ರಾಕ್ಷಿ ತೋಟಗಳ ನಡುವಿನ ಮಣ್ಣುದಾರಿ ಮುಗಿದರೆ ಹಳೇ ಕಲ್ಲುಮನೆಗಳ ಒಂದು ಊರು ಬರುತ್ತಿತ್ತು. ಅಲ್ಲಿಯ ಇಗರ್ಜಿಯ ಶಿಲುಬೆ ಎದುರಾದ ಕೂಡಲೇ ಅವನ ಬಲಗೈ ಹ್ಯಾಂಡಲ್ ಬಿಟ್ಟು ಎದೆ ಮುಟ್ಟುತ್ತಿತ್ತು. ಊರಲ್ಲಿ ದೈವಸ್ಥಾನದ ಮುಂದೆ ಹಾದುಹೋಗುವಾಗಿನ ರೂಢಿ ಅದು.

"ಅಪ್ಪಾ, ಇಟ್ಸ್ ಓನ್ಲಿ ಎ ವಿಡಿಯೋ!" ಎಂದು ಮಗಳು ಅಶ್ಮಿತಾ ನಗುತ್ತಿದ್ದಳು.

"ಗೊತ್ತುಂಟು ಮಾರಾಯ್ತಿ. ಆದ್ರೂ ಎದುರಿಂದ ಸುಮ್ಮನೆ ಹೋಗ್ಲಿಕ್ಕೆ ಆಗ್ತದಾ?"

ಈ ಸಲದ ರಜೆಯಲ್ಲಿ ಅಪ್ಪ, ಮಗಳು ಮಂಗಳೂರಿನಲ್ಲಿ ವಿಮಾನ ಇಳಿದು, ಭಾವನ ಕಾರಿನಲ್ಲಿ ಊರಿಗೆ ಹೊರಟರು. ಮುಂದಿನ ಸೀಟಿನಲ್ಲಿ ಕೂತ ಶೈಲೇಶ ಮೊಬೈಲಿನಲ್ಲಿ ಅದೇ ವಿಡಿಯೋ ಹಚ್ಚಿ, ಫ್ರಾನ್ಸಿನ ಊರುಗಳ ಚಂದವನ್ನು ದಾರಿಯುದ್ದಕ್ಕೂ ಬಣ್ಣಿಸಿದ. ರಸ್ತೆ ಪಕ್ಕ ಊರಿನ ದೈವಸ್ಥಾನ ಬಂತು. ಭಾವನ ಒಂದು ಕೈ ಸ್ಟೇರಿಂಗ್ ಬಿಟ್ಟು ಎದೆಗೆ ಹೋಯಿತು. ಹಿಂದೆ ಕೂತ ಅಶ್ಮಿತಾಳ ಕೈಯೂ ಹೋಯಿತು. ಶೈಲೇಶನ ಬೆರಳು ಮಾತ್ರ ಮೊಬೈಲಿನ ಮೇಲೆಯೇ ಇತ್ತು.

ಅಶ್ಮಿತಾ ಮುಂದಕ್ಕೆ ಬಾಗಿ ಮೆಲ್ಲನೆ ಹೇಳಿದಳು: "ಅಪ್ಪಾ, ದಿಸ್ ಈಸ್ ನಾಟ್ ಎ ವಿಡಿಯೋ."