ರೊಟ್ಟಿ ಒಡೆಯದ ಹನ್ನೊಂದು ದಿನ

೨೦೨೨ರಲ್ಲಿ ನಾನು ಕುಷ್ಟಗಿ ತಾಲ್ಲೂಕಿನ ಒಂದು ಖಡಕ್ ರೊಟ್ಟಿ ಕಾರ್ಖಾನೆಯಲ್ಲಿ ಗುಣಮಟ್ಟ ಅಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ದಿನಾ ಕೊಪ್ಪಳದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹನುಮಸಾಗರದ ಕಡೆಯ ನಲವತ್ತು ಹೆಣ್ಣುಮಕ್ಕಳು ಅಲ್ಲಿ ಸಜ್ಜೆ ಮತ್ತು ಜೋಳದ ರೊಟ್ಟಿ ಬಡಿದು, ಒಣಗಿಸಿ, ಹತ್ತು ಹತ್ತರಂತೆ ಪ್ಯಾಕ್ ಮಾಡುತ್ತಿದ್ದರು. ಅವು ದೂರದ ನಗರಗಳ ಅಂಗಡಿಗಳಿಗೆ ಹೋಗುತ್ತಿದ್ದವು.

ಆ ಬೇಸಿಗೆಯಲ್ಲಿ ನಮ್ಮ ರೊಟ್ಟಿಯೊಳಗಿದ್ದ ಹರಳು ಕಲ್ಲಿಗೆ ಗ್ರಾಹಕರೊಬ್ಬರ ಹಲ್ಲು ಮುರಿಯಿತು. ಎಕ್ಸ್-ರೇ ತಪಾಸಣೆ ಇಲ್ಲದೆ ಇನ್ನು ಒಂದು ಪ್ಯಾಕೆಟ್ಟನ್ನೂ ಕೊಳ್ಳುವುದಿಲ್ಲ ಎಂದು ನಗರದ ಖರೀದಿದಾರರು ಹೇಳಿಬಿಟ್ಟರು. ನಮ್ಮಲ್ಲಿ ಮೆಟಲ್ ಡಿಟೆಕ್ಟರ್ ಇತ್ತು, ಆದರೆ ಅದಕ್ಕೆ ಕಲ್ಲು ಗೊತ್ತಾಗುವುದಿಲ್ಲ. ಎಕ್ಸ್-ರೇ ಕಿರಣ ರೊಟ್ಟಿಯನ್ನು ಸಲೀಸಾಗಿ ದಾಟುತ್ತದೆ. ಕಲ್ಲು, ಗಾಜು, ಕಬ್ಬಿಣ ಅದನ್ನು ತಡೆಯುತ್ತವೆ. ಮಾನಿಟರ್ ಮೇಲೆ ಅಲ್ಲೊಂದು ಕಪ್ಪು ಚುಕ್ಕೆ ಬೀಳುತ್ತದೆ, ಯಂತ್ರ ಆ ಪ್ಯಾಕೆಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ.

ಜುಲೈ ತಿಂಗಳಲ್ಲಿ ಯಂತ್ರ ಬಂತು. ಒಂದು ಉಕ್ಕಿನ ಪೆಟ್ಟಿಗೆ, ಅದರ ಮೂಲಕ ಹಾಯುವ ಬೆಲ್ಟು, ಒಳಹೋಗುವ ಮತ್ತು ಹೊರಬರುವ ಬಾಯಿಗಳಿಗೆ ಸೀಸ ಬೆರೆಸಿದ ರಬ್ಬರಿನ ಪಟ್ಟಿಗಳ ಪರದೆ. ಕಿರಣ ಹೊರಗೆ ಸೋರದಂತೆ ತಡೆಯುವುದು ಆ ಪರದೆಯೇ. ಆದರೆ ಸೀಸದ ಪಟ್ಟಿ ಭಾರ, ನಮ್ಮ ರೊಟ್ಟಿ ಹಪ್ಪಳದಷ್ಟು ನಾಜೂಕು. ಪಟ್ಟಿ ಬಡಿದು ಅಂಚು ಮುರಿದ ಪ್ಯಾಕೆಟ್ಟುಗಳು ರಾಶಿ ಬೀಳತೊಡಗಿದವು.

ಮಾಲೀಕರು ನನ್ನ ಮೇಲೆ ಸಿಡುಕಿದರು. ನಾನು ಆ ಸಿಡುಕನ್ನು ಯಂತ್ರ ನಡೆಸುತ್ತಿದ್ದ ಆಪರೇಟರ್ ಮಹಾಂತೇಶನ ಮೇಲೆ ಸುರಿದೆ. "ಏನರ ಮಾಡಪಾ, ನಾಳಿಂದ ಒಡದ ರೊಟ್ಟಿ ನನ್ನ ಕಣ್ಣಿಗೆ ಬೀಳಬಾರ್ದು," ಎಂದೆ.

ಮರುದಿನದಿಂದಲೇ ಬೀಳಲಿಲ್ಲ. ಬೆಲ್ಟಿನ ವೇಗ ಇಳಿಸಿರಬೇಕು ಎಂದುಕೊಂಡೆ. ಹೇಗೆ ಮಾಡಿದೆ ಎಂದು ಅವನನ್ನು ಕೇಳಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಶರಣವ್ವ ನನ್ನ ಮೇಜಿನ ಬಳಿ ಬಂದಳು. ಪ್ಯಾಕಿಂಗ್ ವಿಭಾಗದಲ್ಲಿ ಎಲ್ಲರಿಗಿಂತ ಹಿರಿಯಳು. ಅವಳ ಸೊಸೆ ರೇಣುಕಾ ಐದು ತಿಂಗಳ ಬಸುರಿ. ಯಂತ್ರದಿಂದ ಹೊರಬರುವ ಪ್ಯಾಕೆಟ್ಟುಗಳನ್ನು ಡಬ್ಬಕ್ಕೆ ತುಂಬುವ ಕೆಲಸ ಅವಳದು.

"ಮೇಡಂರೀ, ಆ ಮಷೀನಿನ ಪರದಾ..." ಎಂದು ಶರಣವ್ವ ಶುರು ಮಾಡಿದಳು.

ಬಸುರಿ ಸೊಸೆಗೆ ಕಿರಣ ತಾಗೀತೆಂಬ ಅಂಜಿಕೆ ಇರಬೇಕು ಎಂದುಕೊಂಡು ನಾನು ಮುಂದೆ ಹೇಳಗೊಡಲಿಲ್ಲ. "ಅಂಜಬ್ಯಾಡ ಶರಣವ್ವ, ಏನೂ ಆಗಂಗಿಲ್ಲ," ಎಂದು ಕಳುಹಿಸಿಬಿಟ್ಟೆ.

ಮರುದಿನ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಪಾಠ ಮಾಡಿದೆ. ಸ್ವಿಚ್ ಆರಿಸಿದರೆ ಬಲ್ಬಿನ ಬೆಳಕು ಹೋಗುವಂತೆ ಕಿರಣವೂ ಹೋಗುತ್ತದೆ, ರೊಟ್ಟಿಯಲ್ಲಿ ಏನೂ ಉಳಿಯುವುದಿಲ್ಲ, ಪೆಟ್ಟಿಗೆಯ ಮುಚ್ಚಳ ತೆರೆದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ ಎಂದೆಲ್ಲ ವಿವರಿಸಿದೆ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವರು ತಲೆಯಾಡಿಸಿದರು. ಮಾರನೆಯ ದಿನ ಆರು ಜನ ಕೆಲಸಕ್ಕೆ ಬರಲಿಲ್ಲ. ಪಾಠವನ್ನು ಎರಡನೆಯ ಸಲ ಮಾಡಿದೆ, ಮೂರನೆಯ ಸಲವೂ ಮಾಡಿದೆ. ಎಷ್ಟು ಹೇಳಿದರೂ ತಲೆಗೆ ಹೋಗದ ಜನ ಎಂದು ಬಸ್ಸಿನಲ್ಲಿ ಕೂತು ಒಳಗೊಳಗೇ ಕುದಿಯುತ್ತಿದ್ದೆ.

ರೊಟ್ಟಿ ಒಡೆಯುವುದು ನಿಂತ ಹನ್ನೊಂದನೆಯ ದಿನ ಪ್ಯಾಕಿಂಗ್‌ನವರೆಲ್ಲ ಗೇಟಿನ ಹೊರಗೇ ಕುಳಿತುಬಿಟ್ಟರು. ರೇಣುಕಾ ಅವರ ನಡುವೆ ತಲೆ ತಗ್ಗಿಸಿ ಕೂತಿದ್ದಳು. "ಮೀಟರ್ ಹಚ್ಚಿ ತೋರಿಸ್ರಿ, ಬಾಯಿ ಮುಚ್ಚತಾರ," ಎಂದರು ಮಾಲೀಕರು. ನನಗೂ ಬೇಕಾಗಿದ್ದದ್ದು ಅದೇ. ಹುಬ್ಬಳ್ಳಿಯಿಂದ ಸರ್ವಿಸ್ ಇಂಜಿನಿಯರ್‌ನನ್ನು ಕರೆಸಿದೆ. ಅವನ ಕೈಯಲ್ಲಿ ವಿಕಿರಣ ಅಳೆಯುವ ಸರ್ವೆ ಮೀಟರ್ ಇತ್ತು. ಹೆಂಗಸರು ನೋಡಲಿ ಎಂದು ಬಾಗಿಲು ತೆರೆಸಿದೆ.

ಯಂತ್ರದ ಕೈಪಿಡಿಯ ಪ್ರಕಾರ ಹೊರಗೆ ಸೋರುವ ವಿಕಿರಣ ಗಂಟೆಗೆ ಒಂದು ಮೈಕ್ರೋಸೀವರ್ಟ್ ದಾಟಬಾರದು. ಹೊರಬಾಯಿಯ ಬಳಿ ಮೀಟರ್ ಎಂಟು ತೋರಿಸಿತು. ಇಂಜಿನಿಯರ್ ಥಟ್ಟನೆ ಕೈ ಹಿಂದೆಳೆದುಕೊಂಡು ಬಗ್ಗಿ ಒಳಗೆ ನೋಡಿದ.

"ಮೇಡಂ, ಪರದಾ ಯಾರು ಮ್ಯಾಲ ಕಟ್ಟ್ಯಾರ್ರೀ?"

ಸೀಸದ ಪಟ್ಟಿಗಳನ್ನೆಲ್ಲ ಒಟ್ಟುಮಾಡಿ ಸುತಳಿ ದಾರದಿಂದ ಮೇಲಕ್ಕೆ ಕಟ್ಟಲಾಗಿತ್ತು. ಮುಚ್ಚಳ ತೆರೆದರೆ ಯಂತ್ರಕ್ಕೆ ತಿಳಿಯುತ್ತದೆ. ಪರದೆ ಎತ್ತಿ ಕಟ್ಟಿದರೆ ತಿಳಿಯುವುದಿಲ್ಲ.

ನಾನು ಮಹಾಂತೇಶನ ಕಡೆ ತಿರುಗಿದೆ. "ರೊಟ್ಟಿ ಒಡಿಬಾರ್ದು ಅಂತ ನೀವ ಹೇಳಿದ್ರಲ್ರೀ ಮೇಡಂ. ಅದು ಬರೇ ಧೂಳಿನ ಪರದಾ ಅಂದ್ಕೊಂಡಿದ್ದೆ," ಎಂದ. ಅದು ಏನಕ್ಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು. ದಿನವೂ ತುಂಬುವ ತಪಾಸಣಾ ಪಟ್ಟಿಯಲ್ಲಿ 'ಪರದೆ ಸರಿ ಇದೆ' ಎಂಬ ಸಾಲಿತ್ತು. ಆ ಹನ್ನೊಂದೂ ದಿನ ಅದರ ಮುಂದೆ ನನ್ನ ಸಹಿ ಇತ್ತು. ಒಂದು ಸಲವೂ ನಾನು ಬಗ್ಗಿ ನೋಡಿರಲಿಲ್ಲ.

ರೇಣುಕಾ ಕೂರುತ್ತಿದ್ದ ಜಾಗದಲ್ಲೂ ಅಳೆದು ನೋಡಿ ಯಂತ್ರ ನಿಲ್ಲಿಸಿದೆವು. ಆ ಜಾಗ ಹೊರಬಾಯಿಯಿಂದ ನಾಲ್ಕಡಿ ದೂರ. ಅಲ್ಲಿನ ಅಳತೆ ತುಂಬಾ ಕಡಿಮೆ ಇತ್ತು. ಅಷ್ಟೂ ದಿನದ್ದು ಕೂಡಿಸಿದರೂ ಎದೆಯ ಒಂದು ಎಕ್ಸ್-ರೇ ತೆಗೆಸಿದಷ್ಟು ಆಗದು ಎಂದು ಇಂಜಿನಿಯರ್ ಲೆಕ್ಕ ಹಾಕಿ ಬರೆದುಕೊಟ್ಟ. ಉಸಿರು ಬಂದಂತಾಯಿತು. ಆದರೆ ಇದು ಅದೃಷ್ಟದಿಂದ ಆದದ್ದು, ನನ್ನ ಜಾಣತನದಿಂದ ಅಲ್ಲ.

ಮಾಲೀಕರು ನನ್ನನ್ನು ಒಳಗೆ ಕರೆದರು. "ಪರದಾ ಕೆಳಗ ಬಿಟ್ಟೀವಿ, ಮುಗೀತು. ಬಾಗಿಲದಾಗ ನಿಂತಾರಿಗೆ ಮೀಟರಿನ ಅಂಕಿ ತಿಳಿಯಂಗಿಲ್ಲ. ಎಲ್ಲಾ ಸರಿ ಐತಿ ಅಂತ ಹೇಳಿಬಿಡ್ರಿ."

"ನಿನ್ನೆ ತನಕ ಅದನ್ನ ಹೇಳೀನ್ರೀ," ಎಂದು ಹೊರಗೆ ಬಂದೆ.

ಹೆಂಗಸರ ಮುಂದೆ ನಿಂತು ಎಂಟು ಎಂದರೇನು, ಒಂದು ಎಂದರೇನು, ಪರದೆ ಯಾಕೆ ಮೇಲಿತ್ತು, ಸಹಿ ಯಾರದು ಎಂಬುದನ್ನು ಹೇಳಿದೆ. ಇಂಜಿನಿಯರ್ ಬರೆದುಕೊಟ್ಟ ಚೀಟಿಯನ್ನು ರೇಣುಕಾಳ ಕೈಗೆ ಕೊಟ್ಟು, ಡಾಕ್ಟರಿಗೆ ತೋರಿಸು ಎಂದೆ. ಶರಣವ್ವ ಮುಂದೆ ಬಂದಳು.

"ಅವತ್ತ ನಾನು ಅಂಜಿಕಿ ಬಂದೈತಿ ಅಂತ ಹೇಳಾಕ ಬಂದಿದ್ದಿಲ್ರೀ ಮೇಡಂ. ಪರದಾ ಎಲ್ಲಿ ಹೋತು ಅಂತ ಕೇಳಾಕ ಬಂದಿದ್ದೆ."



ಪ್ಯಾಕೆಟ್ಟುಗಳನ್ನು ಎತ್ತರದ ಅಂಚಿನ ಟ್ರೇಗಳಲ್ಲಿಟ್ಟು ಕಳಿಸತೊಡಗಿದೆವು. ಪಟ್ಟಿ ಟ್ರೇಯ ಅಂಚಿಗೆ ತಾಗಿ ಜಾರುತ್ತಿತ್ತು. ಕೆಲಸ ನಿಧಾನವಾಯಿತು, ಮಾಲೀಕರ ಗೊಣಗಾಟ ನಾನು ಕೆಲಸ ಬಿಡುವವರೆಗೂ ನಿಲ್ಲಲಿಲ್ಲ. ಯಂತ್ರದ ಎರಡೂ ಬಾಯಿಗೆ ಪರದೆಯೇ ಬೇಡದಷ್ಟು ಉದ್ದದ ಸುರಂಗ ಜೋಡಿಸಿಕೊಡಿ ಎಂದು ತಯಾರಕರಿಗೆ ಮೂರು ತಿಂಗಳು ಪತ್ರ ಬರೆದೆ. ಮೂರು ತಿಂಗಳೂ 'ಪರಿಶೀಲಿಸುತ್ತೇವೆ' ಎಂದೇ ಉತ್ತರ. ರೇಣುಕಾಳಿಗೆ ಹೆರಿಗೆ ಸುಸೂತ್ರವಾಯಿತು, ತಾಯಿ ಮಗು ಇಬ್ಬರೂ ಆರಾಮ. ಅವಳು ಮಾತ್ರ ಕೆಲಸಕ್ಕೆ ಮರಳಲಿಲ್ಲ. ಕರೆಯಲು ನನಗೆ ಬಾಯಿ ಬರಲಿಲ್ಲ.

ಈಗ ಬೇರೆ ಬೇರೆ ಕಾರ್ಖಾನೆಗಳಲ್ಲಿ ಹೊಸದಾಗಿ ಗುಣಮಟ್ಟದ ಕೆಲಸಕ್ಕೆ ಸೇರುವವರು ತರಬೇತಿಗೆ ನನ್ನ ಬಳಿ ಬರುತ್ತಾರೆ. ಕಿರಣದ ಪಾಠ ಆಮೇಲೆ ಮಾಡುತ್ತೇನೆ. ಯಂತ್ರದ ಪಕ್ಕ ದಿನವಿಡೀ ಕೂರುವವರು ದೂರು ತಂದರೆ ನೀವು ಬಾಯಿ ತೆರೆಯುವ ಮೊದಲು ಅವರ ವಾಕ್ಯ ಪೂರ್ತಿ ಮುಗಿಯಲಿ ಎಂದು ಮೊದಲು ಹೇಳುತ್ತೇನೆ. ಕೇಳಿ ತಲೆಯಾಡಿಸುತ್ತಾರೆ. ಅರ್ಥವಾಯಿತೋ ಇಲ್ಲವೋ, ತಲೆಯಾಡಿಸುವುದನ್ನು ನಾನೀಗ ನಂಬುವುದಿಲ್ಲ.