ಹೆಣ್ಣು ನೋಡಲು ಬಂದವರು ಕಾರು ಒಯ್ದದ್ದು

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ಮರುವರ್ಷ ಸೇಡಂನಿಂದ ಒಂದು ಮನೆತನದವರು ನನ್ನನ್ನು ನೋಡಲಿಕ್ಕೆ ಶಹಾಬಾದಿಗೆ ಬಂದರು. ಹುಡುಗ, ಅವನ ತಾಯಿ, ಅವನ ಸೋದರಮಾವ. ಅಪ್ಪನಿಗೆ ಫರಸಿ ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ ಇತ್ತು. ಆ ವರ್ಷ ವ್ಯಾಪಾರ ತಣ್ಣಗಾಗಿದ್ದರೂ ಅವ್ವ ತುಪ್ಪ ಸುರಿದು ಶಿರಾ ಮಾಡಿದ್ದಳು. ಅಪ್ಪ ಬೆಳಿಗ್ಗೆಯೇ ಕಾರನ್ನು ತೊಳೆದು ಅಂಗಳದಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ್ದ.

ಕಪ್ಪು ಬಣ್ಣದ ಹಳೇ ವಿಲಾಯತಿ ಕಾರು ಅದು. ಕ್ಯಾನ್ವಾಸಿನ ಹುಡ್, ದುಂಡನೆಯ ದೊಡ್ಡ ಲೈಟು. ನಾನು ಚಿಕ್ಕವಳಿದ್ದಾಗ ಊರು ಬಿಟ್ಟು ಹೊರಟ ಸಾಹೇಬನೊಬ್ಬನಿಂದ ಅಪ್ಪ ಅದನ್ನು ಕೊಂಡಿದ್ದ. ನಾನೊಬ್ಬಳೇ ಮಗಳು. ರವಿವಾರ ಅಪ್ಪ ಬಾನೆಟ್ ಎತ್ತಿದರೆ ಎಣ್ಣೆ ಡಬ್ಬಿ ಹಿಡಿದು ಪಕ್ಕದಲ್ಲಿ ನಿಲ್ಲುವವಳು ನಾನೇ. ಒಂದೊಂದು ಭಾಗ ಮುಟ್ಟಿ ಹೆಸರು ಹೇಳುತ್ತಿದ್ದ. ಹಾಗೇ ಕಲಿತೆ.

ಹುಡುಗನ ತಾಯಿ ನನ್ನ ಕೈ ಹಿಡಿದು ನೋಡಿದಳು, ಎದ್ದು ನಡೆಯಲು ಹೇಳಿದಳು. ಸೋದರಮಾವನ ಕಣ್ಣು ಮಾತ್ರ ಕಿಟಕಿಯ ಆಚೆಗೇ ಇತ್ತು. ಶಿರಾ ಮುಗಿಯುವ ಮೊದಲೇ ಎದ್ದು ಹೊರಗೆ ಹೋದ. ಹುಡುಗನೂ ಹಿಂದೆಯೇ ಹೋದ.

ಸೋದರಮಾವನಿಗೆ ಕಾರಿನ ವಿಚಾರ ಗೊತ್ತಿತ್ತು. ಬಾಗಿಲಿಗೆ ಬೆರಳಿನಿಂದ ಕುಟ್ಟಿ, ಒಳಗೆ ಬರೀ ತಗಡೋ, ತಗ್ಗು ಮುಚ್ಚಲು ಲಂಬಿ ಮೆತ್ತಿ ಬಣ್ಣ ಹೊಡೆದದ್ದೋ ಎಂದು ಕಿವಿಗೊಟ್ಟು ಕೇಳಿದ. ಚಾಪೆ ಎತ್ತಿ ಕೆಳಗಿನ ತುಕ್ಕು ನೋಡಿದ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿಸಿ, ಹಿಂದೆ ನಿಂತು ಹೊಗೆಯ ಬಣ್ಣ ಗಮನಿಸಿದ. ಬೀಗರು ಮನಸ್ಸು ಮಾಡಿದ್ದಾರೆ ಅಂದುಕೊಂಡ ಅಪ್ಪ ಖುಷಿಯಲ್ಲಿ ಗಾಡಿಯ ಕಾಗದಪತ್ರವನ್ನೂ ತಂದು ತೋರಿಸಿದ.

ನಾನು ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬರುವಾಗ ಸೋದರಮಾವ ಕೈ ಒರೆಸಿಕೊಳ್ಳುತ್ತಿದ್ದ.

"ಸಾವಕಾರ್ರೆ, ಹುಡುಗಿ ವಿಚಾರ ಬಿಟ್ಟುಬಿಡ್ರಿ. ನಮ್ಮ ಹುಡುಗಗ ಮನಸ್ಸಿಲ್ಲ, ಬಣ್ಣ ಕಮ್ಮಿ ಅಂತಾನ. ಗಾಡಿ ಮಾತ್ರ ಭಾಳ ಛಂದ ಅದ. ಎಷ್ಟಕ್ಕ ಕೊಡ್ತೀರಿ?"

ಅಪ್ಪ ಅವರಿಗೆ ಹೊರಡಿರಿ ಎನ್ನುತ್ತಾನೆಂದು ಕಾದೆ. ಅಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ಆಮೇಲೆ ನನ್ನನ್ನು ದಾಟಿ ಒಳಗೆ ಬಂದು ಅವ್ವನಿಗೆ ಸಣ್ಣ ದನಿಯಲ್ಲಿ ಕೇಳಿದ: "ಎಷ್ಟು ಹೇಳಲಿ?"

ಬಣ್ಣ ಕಮ್ಮಿ ಅಂದಾಗ ಆಗದ ನಾಚಿಕೆ ಆ ಎರಡು ಮಾತಿಗೆ ಆಯಿತು. ಅವ್ವ ಒಲೆಯ ಕಡೆ ತಿರುಗಿದಳು.

ಅಪ್ಪ ಹೊರಗೆ ಹೋಗಿ ಒಂದು ಬೆಲೆ ಹೇಳಿದ. ಸೋದರಮಾವ ಈಗ ಹೀಗಳೆಯಲು ಶುರು ಮಾಡಿದ. "ಗುಜರಿಗೆ ಹಾಕೋ ಹಳೇ ಲೋಖಂಡರಿ ಇದು. ಪೆಟ್ರೋಲಿನ ರೇಟು ನೋಡೀರಿಲ್ಲೋ? ಎಂಜಿನ್ ಸುದ್ದಾ ಬದಲಿ ಮಾಡಿದಂಗ ಕಾಣಸ್ತದ."

"ಏನು ಮಾತಾಡಾಕತ್ತೀರಿ!" ಅಂದ ಅಪ್ಪ. ನನ್ನ ಸಲುವಾಗಿ ಏಳದ ಸಿಟ್ಟು ಕಾರಿಗೆ ಎದ್ದಿತ್ತು. ಆದರೆ ಕೈಯಲ್ಲಿದ್ದ ಗಾಡಿಯ ಪುಸ್ತಕವನ್ನು ತೆರೆದ, ಮುಚ್ಚಿದ, ಮತ್ತೆ ತೆರೆದ. ಅದನ್ನು ನೋಡಲಾಗದೆ ನಾನು ತಟ್ಟೆ ಇಟ್ಟು ಅಂಗಳಕ್ಕೆ ಇಳಿದೆ.

"ಎಂಜಿನ್ ಬದಲಿ ಆಗಿಲ್ರಿ. ಪುಸ್ತಕದಾಗಿನ ನಂಬರು, ಇಲ್ಲಿಂದು, ಎರಡೂ ಒಂದೇ ಅದಾವ." ಎಂಜಿನ್ ಮೇಲಿನ ಜಿಡ್ಡನ್ನು ಹೊಸ ಸೀರೆಯ ಸೆರಗಿನಿಂದಲೇ ಒರೆಸಿ ತೋರಿಸಿದೆ. ಆತ ಬಗ್ಗಿ ಓದಿದ. "ಕೆಳಗಿನ ತಗಡು ತುಕ್ಕು ಹಿಡಿದದ, ಖರೆ. ಹುಡ್ ನಾವೇ ಹೊಸಾದು ಹಾಕ್ಸೀವಿ. ಆದ್ರ ಲೈಟು, ಗಡಿಯಾರ, ಗಾಲಿ ಎಲ್ಲಾ ಮೊದಲಿನವೇ ಅದಾವ. ಹಿಂಗ ಕೆಡಿಸದೇ ಇಟ್ಟ ಗಾಡಿ ಹೈದರಾಬಾದಿನಾಗ ಕೇಳಿದ್ರೂ ಸಿಗಂಗಿಲ್ಲ. ಅಪ್ಪ ಹೇಳಿದ್ದು ಜಾಸ್ತಿ ಅಲ್ರಿ."

ಸೋದರಮಾವ ನಕ್ಕ. "ಹುಡುಗಿ ಭಾಳ ಹುಷಾರಿ ಅದಾಳ!"

ಆಗ ಹುಡುಗ ತಲೆ ಎತ್ತಿ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ. ನನ್ನನ್ನು ಬೇಡ ಅಂದವರ ಮುಂದೆ ನಿಂತು ನಾನೇ ವ್ಯಾಪಾರ ಮಾಡುತ್ತಿದ್ದೇನೆ ಎಂದು ಹೊಳೆದದ್ದು ಆಗಲೇ. ಕೈಗೆ ಜಿಡ್ಡು, ಸೆರಗಿಗೆ ಜಿಡ್ಡು. ಎಲ್ಲಿ ನೋಡಬೇಕೋ ತಿಳಿಯದೆ ಒಳಗೆ ಓಡಿದೆ.

ಅಪ್ಪ ಹೇಳಿದ ಬೆಲೆಗೇ ಮಾತು ಮುಗಿಯಿತು. ಕೈಯಲ್ಲಿದ್ದಷ್ಟು ದುಡ್ಡು ಕೊಟ್ಟು, ಉಳಿದದ್ದು, ಕಾಗದಪತ್ರದಲ್ಲಿ ಹೆಸರು ಬದಲಾಯಿಸುವ ಕೆಲಸ ಎಲ್ಲ ಆಮೇಲೆ ನೋಡಿಕೊಳ್ಳೋಣ ಎಂದು ಆವತ್ತೇ ಗಾಡಿ ಒಯ್ದರು. ಬಸ್ಸಿನಲ್ಲಿ ಬಂದಿದ್ದವರು ನಮ್ಮ ಕಾರಿನಲ್ಲಿ, ನಾವು ಕೊಟ್ಟ ಎಲೆ ಅಡಿಕೆ ಮೆಲ್ಲುತ್ತ ಹೊರಟುಹೋದರು. ಅಪ್ಪ ರಸ್ತೆಯ ತಿರುವಿನ ತನಕ ಕಾರಿನ ಪಕ್ಕದಲ್ಲೇ ನಡೆಯುತ್ತ, ಹೊಸ ಮಾಲೀಕನಿಗೆ ಗೇರಿನ ಬಗ್ಗೆ ಏನೋ ಹೇಳುತ್ತಲೇ ಇದ್ದ.

ಊರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. "ಹೆಣ್ಣು ನೋಡಾಕ ಬಂದು ಗಾಡಿ ಒಯ್ದ್ರಂತ" ಎಂದು ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆಯೇ ಯಾರೋ ಅಂದರು. ಅಳೆಸಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದೆ. ಆಮೇಲೆ ಬಹಳ ಕಾಲ ಬಜಾರಿಗೆ ಕಾಲಿಡಲಿಲ್ಲ. ಒಂದು ಸಂಜೆ ಅಪ್ಪ ಹತ್ತಿರ ಬಂದು, "ನಿನ್ನ ಮದುವಿ ಸಲುವಾಗೇ ಮಾರೀನವ್ವಾ" ಅಂದ. ಸುಳ್ಳಲ್ಲ, ನನ್ನ ಮೈಮೇಲಿನ ಬಂಗಾರ ಬಂದದ್ದು ಅದರಿಂದಲೇ. ಆದರೂ ನಾನು ಅವನ ಮುಖ ನೋಡಲಿಲ್ಲ. ಅವನೂ ನನ್ನ ಮುಖ ನೋಡುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಚಿಂಚೋಳಿ ಹತ್ತಿರದ ಚಂದಾಪುರದಿಂದ ಇನ್ನೊಂದು ಮನೆತನ ಬಂತು. ಹುಡುಗನ ತಂದೆ ಸಮಾಧಾನದ ಮನುಷ್ಯ. ಕಾರು ನಿಲ್ಲುತ್ತಿದ್ದ ಕಡೆ ಅಂಗಳದ ಫರಸಿಯ ಮೇಲೆ ಎಣ್ಣೆ ಸೋರಿ ಆಗಿದ್ದ, ತೊಳೆದರೂ ಹೋಗದ ಕಪ್ಪು ಕಲೆ ನೋಡಿ, "ಇಲ್ಲೇನಿತ್ತರಿ?" ಅಂದರು. ಅವ್ವ ಅಪ್ಪನ ಕಡೆ ನೋಡಿದಳು.

"ಎಮ್ಮಿ ಕಟ್ತಿದ್ದೆವ್ರಿ" ಅಂದ ಅಪ್ಪ.

ಆ ಸಂಬಂಧ ಕೂಡಿಬಂತು. ಮದುವೆಯಾಗಿ ಚಂದಾಪುರಕ್ಕೆ ಹೋದ ಹೊಸದರಲ್ಲಿ ಅತ್ತೆ ಹಾಲು ಕಾಸುತ್ತ, "ನಿಮ್ಮ ತವರಿನ ಎಮ್ಮಿ ಎಷ್ಟು ಹಾಲು ಕೊಡ್ತಿತ್ತವ್ವಾ?" ಎಂದು ಅಕ್ಕರೆಯಿಂದಲೇ ಕೇಳಿದರು.

"ಎರಡೂ ಹೊತ್ತು ಕೊಡ್ತಿತ್ರಿ" ಅಂದೆ, ತಲೆ ಎತ್ತದೆ.