ಹುನಗುಂದದ ಮೀಸೆ, ಲಂಡನ್ನಿನ ಪೌಂಡು

ಈ ವರ್ಷ, ಅಂದರೆ ಎಂಬತ್ತೈದರ ಫೆಬ್ರುವರಿಯಲ್ಲಿ, ನನ್ನ ಮಾವನವರ ಮೀಸೆ ಲಂಡನ್ನಿನವರ ಕೈಯಲ್ಲಿತ್ತು. ನಗಬೇಡಿ. ಹುನಗುಂದದ ಆ ಮನೆಯಲ್ಲಿ ಆಗ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ.

ಮಾವನವರು ರಿಟೈರ್ಡ್ ಹೆಡ್‌ಮಾಸ್ತರು. ಗಣಿತ ಕಲಿಸಿದವರು. ಪೌಂಡು, ಶಿಲ್ಲಿಂಗು, ಪೆನ್ಸುಗಳ ಲೆಕ್ಕ ಮಾಡಿಸಿ ಮಾಡಿಸಿ, ಪೌಂಡನ್ನು ಒಮ್ಮೆಯೂ ಕಣ್ಣಿಂದ ನೋಡದೆ ಅದರ ಮೇಲೆ ಮಮತೆ ಬೆಳೆಸಿಕೊಂಡವರು. ಅವರ ಬೀಗರು, ಅಂದರೆ ಹಿರಿಮಗಳ ಮಾವ, ಇಳಕಲ್ಲಿನ ಸೀರೆ ವ್ಯಾಪಾರಿ. ಅವರದು ಡಾಲರ್ ಪಾರ್ಟಿ. ಬಾದಾಮಿ ಗುಹೆ ನೋಡಲು ಬಂದಿದ್ದ ಅಮೆರಿಕದ ಹೆಣ್ಣುಮಗಳೊಬ್ಬಳು ಅವರ ಅಂಗಡಿಗೂ ಬಂದು ಒಂದು ಡಾಲರ್ ನೋಟು ತೋರಿಸಿದ್ದಳಂತೆ. (ಕೊಡಲಿಲ್ಲ. ತೋರಿಸಿದಳು, ಅಷ್ಟೆ.) ಅಷ್ಟಕ್ಕೇ ಬೀಗರು ಭಕ್ತರಾಗಿಬಿಟ್ಟರು.

ಎಪ್ಪತ್ತಾರನೇ ಇಸವಿಯಲ್ಲಿ ಈ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತರು. ನನ್ನ ಹೆಂಡತಿಯ ಅಕ್ಕ ಬಸುರಿ. ಅವಳ ಕುಬಸದ ಊಟ. ಅಲ್ಲಿಯವರೆಗೆ ಎರಡು ಡಾಲರಿಗೂ ಮೇಲೆ ಮೆರೆಯುತ್ತಿದ್ದ ಪೌಂಡು ಆ ವರ್ಷ ಎರಡರ ಕೆಳಗೆ ಜಾರಿತ್ತು. ಬೀಗರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೆಣಕಿದರು.

"ನಿಮ್ಮ ಪೌಂಡ್ ಮುಗೀತ್ರಿ ಬೀಗರ. ಇನ್ನ ಒಂದಕ್ಕ ಒಂದ ನೋಡ್ರಿ."

ಮಾವನವರು ಎಲೆಯ ಮುಂದೆಯೇ ಗುಡುಗಿದರು. "ಒಂದ ಪೌಂಡಿಗೆ ಒಂದ ಡಾಲರ್ ಆತಂದ್ರ ಈ ಮೀಸಿ ಬೋಳಸ್ತೇನಿ!"

ಗಡುವು? ಹಾಕಲಿಲ್ಲ. ಗಣಿತದ ಮಾಸ್ತರು! ಬೀಗರಿಂದಲಾದರೂ ಏನಾದರೂ ಪಣಕ್ಕಿಡಿಸಿದರೇ? ಅದೂ ಇಲ್ಲ. (ಅವರಿಗೆ ಮೀಸೆಯೇ ಇಲ್ಲ.)

ಆಮೇಲೆ ಪೌಂಡು ಮತ್ತೆ ಏರಿತು. ಎಂಬತ್ತರಲ್ಲಿ ಎರಡು ಡಾಲರ್ ನಲವತ್ತು ಸೆಂಟಿನವರೆಗೂ ಹೋಯಿತು. ಮಾವನವರು ಬರೀ ಒಂದು ಕಪ್ ಚಹಾ ಕುಡಿಯಲು ಇಳಕಲ್ಲಿಗೆ ಹೋಗಿ, ಬೀಗರ ಗಾದಿಯ ಮೇಲೆ ಕೂತು ಮೀಸೆ ತಿರುವಿ ಬಂದರು. ಅಲ್ಲಿಂದ ಮುಂದೆ ಶುರುವಾಯಿತು ನೋಡಿ ಇಳಿಜಾರು. ಈ ಶಿವರಾತ್ರಿ ಹೊತ್ತಿಗೆ ಪೌಂಡು ಒಂದು ಡಾಲರ್ ಹತ್ತು ಸೆಂಟಿನ ಆಸುಪಾಸಿಗೆ ಬಂದು ನಿಂತಿತ್ತು.

ಹುನಗುಂದಕ್ಕೆ ಪೇಪರ್ ತಡವಾಗಿ ಬರುತ್ತದೆ. ಹಾಗಾಗಿ ಬಾಗಲಕೋಟೆಯಲ್ಲಿ ಪೇಪರಿಗೆ ಬರೆದುಕೊಂಡಿರುವ ಈ ಅಳಿಯ ಬೆಳಿಗ್ಗೆ ಎದ್ದು ರೇಟು ನೋಡಿ, ಬಸ್ ಸ್ಟ್ಯಾಂಡಿಗೆ ಓಡಿ, ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಬೇಕು. ಆ ಪುಣ್ಯಾತ್ಮ ಗುಟ್ಟು ಇಟ್ಟುಕೊಳ್ಳುವ ಪೈಕಿಯಲ್ಲ. ಅಮೀನಗಡದಲ್ಲಿ ಬಸ್ ನಿಂತರೆ ಸಾಕು, ಕರದಂಟಿನ ಅಂಗಡಿಯವರು, "ಮಾಸ್ತರ ಮೀಸಿ ಇವತ್ತ ಎಷ್ಟಕ್ಕ ಬಂತ್ರಿ?" ಎಂದು ಕೇಳತೊಡಗಿದರು.

ಇಷ್ಟೇ ಆಗಿದ್ದರೆ ತಮಾಷೆಯಾಗಿ ಹೋಗುತ್ತಿತ್ತು. ಆದರೆ ಮನೆಯಲ್ಲಿ ಅಜ್ಜ ಇದ್ದಾರೆ. ಮಾವನವರ ತಂದೆ, ತೊಂಬತ್ತರ ಹತ್ತಿರದವರು. ಆ ಮನೆಯಲ್ಲಿ ಗಂಡಸು ಮೀಸೆ ತೆಗೆಸುವುದು ಹೆತ್ತವರು ಸತ್ತಾಗ ಮಾತ್ರ.

"ನಾ ಇನ್ನಾ ಗಟ್ಟಿಮುಟ್ಟ ಕುಂತೇನಿ. ಯಾರು ಸತ್ತಾರಂತ ಮೀಸಿ ತಗಸ್ತೀಲೇ?" ಎಂದು ಮೊದಮೊದಲು ಬೈದರು. ಆಮೇಲೆ ಬೈಗುಳ ನಿಂತಿತು. ನಮಗೆ ದಿಗಿಲಾದದ್ದು ಆಗಲೇ. ಮಗನ ಮೀಸೆ ಹೋದ ದಿನವೇ ತನ್ನ ಕಡೆಯ ದಿನ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಎರಡು ರೊಟ್ಟಿ ತಿನ್ನುವವರು ಅರ್ಧಕ್ಕೆ ಕೈತೊಳೆಯತೊಡಗಿದರು. ಆ ವಯಸ್ಸಿನಲ್ಲಿ ಮನಸ್ಸಿಗೆ ಹಚ್ಚಿಕೊಂಡರೆ ಉಳಿದಾರೆಯೇ? ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸುದ್ದಿ ತಿಳಿದು ಇಳಕಲ್ಲಿನ ಬೀಗರೇ ಓಡಿ ಬಂದರು. "ನಗಚಾಟಕ್ಕ ಆಡಿದ ಮಾತು ಬಿಡ್ರಿ ಮಾಸ್ತರ. ನಿಮ್ಮ ಮೀಸಿ ತೊಗೊಂಡು ನಾ ಏನ್ ಮಾಡ್ಲಿ?"

"ಪಂಕ್ತಿಯೊಳಗ ಆಡಿದ ಮಾತ್ರಿ ಅದು. ಮಾತ ಹೋದ ಮ್ಯಾಲ ಮೀಸಿ ಇದ್ರೆಷ್ಟು, ಬಿಟ್ರೆಷ್ಟು?" ಎಂದರು ಮಾವನವರು. ಹೇಳುವಾಗ ಕಣ್ಣಲ್ಲಿ ನೀರಿತ್ತು. ಅಪ್ಪನೂ ಬೇಕು, ಮಾತೂ ಬೇಕು. ಇಂಥ ಮೊಂಡರಿಗೆ ಯಾರು ಬುದ್ಧಿ ಹೇಳಬೇಕು?

ಅಜ್ಜ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ಪೇಪರಿನ್ಯಾಗ ಬರಿಯಾಂವ ನೀನ ಅಲ್ಲೇನಪಾ? ಒಂದೀಟು ಜಾಸ್ತಿ ಬರದ್ರ ಆಗೂದಿಲ್ಲೇನು?"

(ಸಂಪಾದಕರೇ, ನಾನು ಬರೆಯಲಿಲ್ಲ. ಮನಸ್ಸಂತೂ ಆಗಿತ್ತು.)

ಅಳಿಯ ಕೆಲಸಕ್ಕೆ ಬಾರದವ ಎಂದು ಖಾತ್ರಿಯಾದ ಮೇಲೆ ಅಜ್ಜ ಬನಶಂಕರಿಗೆ ಹರಕೆ ಹೊತ್ತರು. ಸ್ವಲ್ಪ ಯೋಚಿಸಿ. ಬ್ರಿಟಿಷರ ವಿರುದ್ಧ ಕೂಗಿ ಜೈಲು ಕಂಡ ಮನುಷ್ಯ, ಇವತ್ತಿಗೂ ಖಾದಿ ಬಿಟ್ಟು ಬೇರೆ ತೊಡುವುದಿಲ್ಲ. ಅಂಥವರು ದಿನಾ ಬೆಳಿಗ್ಗೆ ದೀಪ ಹಚ್ಚಿ ಕಣ್ಣುಮುಚ್ಚಿ ಬೇಡಿಕೊಳ್ಳುವುದು ಏನನ್ನು? ಇಂಗ್ಲೆಂಡಿನ ಪೌಂಡು ಏರಲಿ ತಾಯಿ ಎಂದು!

ತಾಯಿ ಲಗುಬಗೆ ಮಾಡಲಿಲ್ಲ. ಪೌಂಡು ಒಂದು ಡಾಲರ್ ಐದು ಸೆಂಟಿನ ಹತ್ತಿರ ಇಳಿಯಿತು. ಆ ದಿನ ಕಂಡಕ್ಟರನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾನೇ ಬಸ್ ಹತ್ತಿದೆ. ಕಟ್ಟೆಯ ಮೇಲೆ ಕೂತಿದ್ದ ಮಾವನವರು ರೇಟು ಕೇಳಿಸಿಕೊಂಡು ಒಮ್ಮೆ ಮೀಸೆ ಸವರಿಕೊಂಡರು. ಸಂಜೆ ಕ್ಷೌರಿಕನಿಗೆ ಸಿದ್ಧವಾಗಿರು ಎಂದು ಹೇಳಿ ಕಳಿಸಿದರು. ಒಳಗೆ ಅತ್ತೆಯವರು ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು.

ಮರುದಿನ ಪೇಪರ್ ಬಂದಾಗ ಇಡೀ ಮನೆ ಅದರ ಮೇಲೆ ಬಗ್ಗಿತು. ಪೌಂಡು ತುಸು ಏರಿತ್ತು! ಮುಂದೆ ಇನ್ನೂ ಏರಿತು. ಯುಗಾದಿ ಹೊತ್ತಿಗೆ ಅದು ಗಂಡಾಂತರ ದಾಟಿ ಆರಾಮಾಗಿ ಮೇಲೆ ಹೊರಟಿತ್ತು. ಮಾವನವರು ಹಬ್ಬಕ್ಕೆ ಮೀಸೆಗೆ ಎಣ್ಣೆ ಹಚ್ಚಿದರು. ಅಜ್ಜ ಬೇಡ ಬೇಡ ಎನ್ನುತ್ತಲೇ ಮತ್ತೊಂದು ಹೋಳಿಗೆ ಹಾಕಿಸಿಕೊಂಡರು.

ಪೌಂಡು ಏಕೆ ಏರಿತು ಎಂದು ತಿಳಿದವರು ಪೇಪರಿನಲ್ಲಿ ಉದ್ದಕ್ಕೆ ಬರೆದಿದ್ದರು. ಬಡ್ಡಿ ದರವಂತೆ, ಎಣ್ಣೆಯ ಬೆಲೆಯಂತೆ, ಅಮೆರಿಕದ ಬ್ಯಾಂಕುಗಳಂತೆ. ಎಲ್ಲ ಓದಿ ಹೇಳಿದೆ. ಅಜ್ಜ ಬೊಚ್ಚುಬಾಯಿ ತೆರೆದು ನಕ್ಕರು.

"ಅವ್ರನ್ನ ಓಡಿಸಿದವ್ರೂ ನಾವ, ಈಗ ಉಳಿಸಿದವ್ರೂ ನಾವ. ಉಪಕಾರ ಆತಂತ ಒಂದ ಕಾರ್ಡರ ಹಾಕ್ಯಾರೇನಪಾ ಆ ಮಂದಿ?"